ಕ್ಯಾಂಪಿಗೆ ಬಂದ ಕುಂಟೆತ್ತು

ಸಮರ್ಥ, ನಿನ್ನೆ ಮಧ್ಯಾಹ್ನ ನೀನು ಒಂದು ಕೈಯಲ್ಲಿ ಅಂಟಿನ ಟ್ಯೂಬು, ಇನ್ನೊಂದು ಕೈಯಲ್ಲಿ ಷೋಕೇಸಿನ ಮಣ್ಣಿನ ಎತ್ತು ಹಿಡಿದುಕೊಂಡು ಬಂದು, "ಅಜ್ಜಿ, ಇದರ ಇನ್ನೊಂದು ಕಾಲು ಎಲ್ಲೈತಿ?" ಎಂದು ಕೇಳಿದೆಯಲ್ಲ, ಆಗ ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ. ನಿದ್ದೆ ಬಂದಿರಲಿಲ್ಲ. ಉತ್ತರವನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ, ಅಷ್ಟೆ. ಬಾಯಲ್ಲಿ ಹೇಳಹೋದರೆ ನನ್ನ ಮಾತು ನಡುವೆ ಎಲ್ಲೋ ದಾರಿ ತಪ್ಪುತ್ತದೆ. ಬರೆದರೂ ತಪ್ಪುತ್ತದೆ, ಆದರೆ ಬರೆಯುವಾಗ ಎದುರಿಗೆ ಯಾರೂ ನಿಂತು ನೋಡುತ್ತಿರುವುದಿಲ್ಲ. ನಿನಗೆ ಓದಲಾಗದ ಕಡೆ ನಿಮ್ಮಕ್ಕ ಪಲ್ಲವಿ ಓದಿ ಹೇಳುತ್ತಾಳೆ. ಶಾಲೆಯಲ್ಲಿ ಕಲಿತ ತೆಲುಗು ಅಕ್ಷರದ ಬಲದಿಂದಲೇ ಅವಳು ನನ್ನ ಕನ್ನಡವನ್ನು ಓದುತ್ತಾಳೆ. ತಲೆಕಟ್ಟು ಸ್ವಲ್ಪ ಬೇರೆ ಎನ್ನುವುದು ಬಿಟ್ಟರೆ ಎರಡೂ ಒಂದೇ ಮನೆಯವುಗಳ ಹಾಗೆ ಕಾಣುತ್ತವೆ.

ಆ ಕಾಲು ಬಿದ್ದು ಮುರಿದದ್ದಲ್ಲ. ನಾನೇ ಮುರಿದದ್ದು. ಅದನ್ನು ಹೇಳಬೇಕಾದರೆ ಮೊದಲು ಕ್ಯಾಂಪಿನ ವಿಷಯ ಹೇಳಬೇಕು.

ನೀನು ಆಗ ಗೋಡೆ ಹಿಡಿದು ನಡೆಯುತ್ತಿದ್ದೆ. ನಿಮ್ಮಜ್ಜ ತೀರಿಕೊಂಡು, ನಾನು ಹೈದರಾಬಾದಿಗೆ ಬಂದು ವರ್ಷ ತುಂಬಿರಲಿಲ್ಲ. ಲಿಂಗಂಪಲ್ಲಿಯ ಸುತ್ತ ಎತ್ತ ನೋಡಿದರೂ ಬಂಡೆ ಒಡೆಯುವ ಸದ್ದು, ಎತ್ತ ನೋಡಿದರೂ ಹೊಸ ಕಟ್ಟಡ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮುಕ್ಕಾಲು ಪಾಲು ಕಂಪ್ಯೂಟರಿನ ಕೆಲಸದವರು. ರಾತ್ರಿ ದುಡಿದು ಹಗಲು ಮಲಗುವವರೂ ಇದ್ದರು. ಹಗಲು ಹೊತ್ತಿನಲ್ಲಿ ಅವರ ಬಾಗಿಲ ಮುಂದೆ ಹೋಗುವಾಗ ನಾನು ಯಾರದೋ ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂದುಕೊಂಡು ಮೆಲ್ಲಗೆ ಕಾಲಿಡುತ್ತಿದ್ದೆ. ನಿಮ್ಮಪ್ಪ ಬಾಲಾನಗರದ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುವವನು. ನಿಮ್ಮಮ್ಮ ಪಟಾನ್‌ಚೆರುವಿನ ಔಷಧದ ಕಂಪನಿಯ ಬಸ್ಸು ಹತ್ತುವವಳು. ಮನೆಯಲ್ಲಿ ನಾನು, ನೀನು, ಎರಡನೆಯ ತರಗತಿ ಮುಗಿಸಿದ್ದ ಪಲ್ಲವಿ.

ಬೇಸಿಗೆ ರಜೆ ಶುರುವಾದ ಸಂಜೆ ನಿಮ್ಮಮ್ಮ, ಪಲ್ಲವಿಯನ್ನು ಸಮ್ಮರ್ ಕ್ಯಾಂಪಿಗೆ ಕಳಿಸೋಣ ಎಂದಳು. ನಮ್ಮ ಸಿಂಧನೂರಿನ ಕಡೆ ಕ್ಯಾಂಪು ಎಂದರೆ ಒಂದೇ ಅರ್ಥ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದ ಜನ ಹೊಲ ಹಿಡಿದು, ಭತ್ತ ಬೆಳೆದು, ಕಾಲುವೆಯ ಆಚೆ ಮನೆ ಕಟ್ಟಿಕೊಂಡರು. ಆ ತೆಲುಗರ ಊರುಗಳಿಗೆ ನಾವು ಕ್ಯಾಂಪು ಎನ್ನುವುದು. ಈ ಉರಿಬಿಸಿಲಿನಲ್ಲಿ ಮಗುವನ್ನು ಅಷ್ಟು ದೂರದ ಕ್ಯಾಂಪಿಗೆ ಯಾಕೆ ಕಳಿಸುತ್ತಾರೆ?

"ಯಾವ ಕ್ಯಾಂಪಿಗೆ? ಅಲ್ಲಿ ನಮ್ಮೋರು ಯಾರದಾರ?" ಎಂದು ಕೇಳಿದೆ.

"ಇಲ್ಲೇ ಕೆಳಗ್ರಿ ಅತ್ತಿ, ಸೆಲ್ಲಾರಿನಾಗ" ಎಂದಳು.

ಗಾಡಿ ನಿಲ್ಲಿಸುವ ನೆಲಮಾಳಿಗೆಗೆ ಇಲ್ಲಿ ಸೆಲ್ಲಾರ್ ಎನ್ನುತ್ತಾರೆ. ಸ್ಕೂಟರುಗಳ ನಡುವೆ ಒಂದು ಕ್ಯಾಂಪು ಹೇಗೆ ಕೂತಿದೆ, ಅಲ್ಲಿ ಭತ್ತಕ್ಕೆ ನೀರು ಎಲ್ಲಿಂದ ಎಂದು ನಾನು ನಿಜಕ್ಕೂ ಯೋಚಿಸಿದೆ. ನಿಮ್ಮಪ್ಪ ಊಟದ ತಟ್ಟೆಯ ಮುಂದೆ ನಕ್ಕು ನಕ್ಕು ಕೆಮ್ಮಿದ. ಆಮೇಲೆ ವಾರವೆಲ್ಲ ಕೆಲಸದಿಂದ ಬಂದವನೇ ಚಪ್ಪಲಿ ಬಿಡುತ್ತಾ, "ಏನವ್ವಾ, ಕ್ಯಾಂಪಿನಾಗ ನಾಟಿ ಮುಗೀತೇನು?" ಎಂದು ಕೇಳುವುದು ಅವನಿಗೆ ಆಟವಾಯಿತು. ಒಳಗೊಳಗೆ ನನಗೆ ಅನ್ನಿಸುತ್ತಿತ್ತು, ಸುತ್ತ ಎಲ್ಲರೂ ತೆಲುಗು ಮಾತಾಡುವ ಈ ಹೈದರಾಬಾದೇ ಒಂದು ದೊಡ್ಡ ಕ್ಯಾಂಪಿನ ಹಾಗಿದೆ, ಇದರಲ್ಲಿ ನಗುವಂಥದ್ದೇನು ಎಂದು.

ಆ ಕ್ಯಾಂಪನ್ನು ನಡೆಸುತ್ತಿದ್ದವರು ಮೂರನೆಯ ಮಹಡಿಯ ವಿಜಯಾ. ಚುರುಕಿನ ಹೆಂಗಸು, ಅರ್ಧ ತೆಲುಗು ಅರ್ಧ ಇಂಗ್ಲಿಷಿನಲ್ಲಿ ಮಾತಾಡುವವರು. ನನ್ನನ್ನು ಮೆಟ್ಟಿಲ ಮೇಲೆ ಕಂಡರೆ "ಬಾಗುನ್ನಾರಾ ಅಮ್ಮಗಾರು" ಎನ್ನುತ್ತಿದ್ದರು. ಚೆನ್ನಾಗಿದ್ದೀರಾ ಎಂದು ಕೇಳುವುದು ಅದು. ನಾನು ತಲೆಯಾಡಿಸಿ, ಸೆರಗು ಎಳೆದುಕೊಂಡು, ಬೇಗ ಬೇಗ ಇಳಿದುಬಿಡುತ್ತಿದ್ದೆ. ಅವರು ಮಾಡಿದ ನಿಯಮ ಇಷ್ಟು: ದಿನಕ್ಕೊಂದು ಮನೆಯವರು ಬಂದು ಮಕ್ಕಳಿಗೆ ಏನಾದರೂ ಮಾಡುವುದನ್ನು ಕಲಿಸಬೇಕು. ಒಬ್ಬರು ಕೆಟ್ಟ ಸಿ.ಡಿ.ಗಳಿಂದ ನವಿಲು ಮಾಡಿಸಿದರು. ಇನ್ನೊಬ್ಬರು ಐಸ್‌ಕ್ರೀಮಿನ ಕಡ್ಡಿಗಳಿಂದ ಪೆನ್ನು ಇಡುವ ಡಬ್ಬಿ ಮಾಡಿಸಿದರು. ಇಷ್ಟೊಂದು ಕಡ್ಡಿ ಕೂಡಿಸಬೇಕಾದರೆ ಮಕ್ಕಳು ಎಷ್ಟು ಐಸ್‌ಕ್ರೀಮು ತಿಂದಿರಬೇಕು, ಗಂಟಲು ಏನಾಗಿರಬೇಕು ಎಂದು ನಾನು ಮರುಗಿದೆ. ಕಡ್ಡಿಗಳು ಅಂಗಡಿಯಲ್ಲಿ ಕಟ್ಟು ಕಟ್ಟಾಗಿ, ಯಾರೂ ಚೀಪದೆ, ಹೊಸದಾಗಿ ಸಿಗುತ್ತವಂತೆ. ಬಿಸಾಡುವುದನ್ನು ಹೊಸದಾಗಿ ಕೊಳ್ಳುವುದು ನನಗೆ ಈಗಲೂ ಅರ್ಥವಾಗಿಲ್ಲ.

ಪಲ್ಲವಿ ನನ್ನ ಹಾಗೆಯೇ, ಬಾಯಿ ಬಿಡುವವಳಲ್ಲ. ಬಿಟ್ಟರೂ ಅವಳ ತೆಲುಗಿಗೆ ನಮ್ಮ ಮನೆಯ ಬಾಲ ಅಂಟಿಕೊಂಡಿರುತ್ತಿತ್ತು. ದೊಡ್ಡವರ ಜೊತೆ ಮಾತಾಡುವಾಗ ಕೊನೆಗೆ 'ರಿ' ಹಚ್ಚಬೇಕೆಂದು ನಿಮ್ಮಮ್ಮ ಕಲಿಸಿದ್ದಳು. ಅದಕ್ಕೆ ಅವಳು ವಿಜಯಾ ಅವರನ್ನು ಎಲ್ಲರೆದುರು "ಆಂಟೀರಿ" ಎಂದು ಕರೆದಳು. ಮಕ್ಕಳು ಬಿದ್ದು ಬಿದ್ದು ನಕ್ಕವಂತೆ. ಅಂದಿನಿಂದ ಅವಳ ಹೆಸರೇ 'ರೀ ರೀ' ಆಯಿತು. ಗಂಟೆ ಬಾರಿಸಿದ ಹಾಗೆ ರೀ ರೀ ಎನ್ನುತ್ತಾ ಹಿಂದೆ ಓಡುತ್ತಿದ್ದವು. ಒಂದು ದಿನ ಒಬ್ಬಳು ಹುಡುಗಿ, ನಿಮ್ಮ ಮನೆಯಿಂದ ಯಾರೂ ಬರುವುದಿಲ್ಲ, ನಿಮ್ಮವರಿಗೆ ಏನೂ ಬರುವುದಿಲ್ಲ ಎಂದಳಂತೆ. ಈ ಮೂಕಿಗೆ ಎಲ್ಲಿಂದ ಸಿಟ್ಟು ಬಂತೋ, ನಮ್ಮಜ್ಜಿ ಬರುತ್ತಾಳೆ, ನಮ್ಮಜ್ಜಿ ಖರೇ ಎತ್ತು ಮಾಡುತ್ತಾಳೆ ಎಂದು ಹೇಳಿಬಿಟ್ಟಿದ್ದಾಳೆ.

ಮಧ್ಯಾಹ್ನ ಊಟಕ್ಕೆ ಬಂದವಳು ತಟ್ಟೆ ಮುಟ್ಟಲಿಲ್ಲ. "ನೀ ಬರಬೇಕಜ್ಜಿ. ನಾ ಹೇಳಿಬಿಟ್ಟೀನಿ" ಎಂದಳು.

ನನಗೆ ತೆಲುಗು ಬರುವುದಿಲ್ಲ ಎಂದೆ. "ಮಾತು ನಾ ಹೇಳ್ತೀನಿ, ನೀ ಬರೇ ಮಾಡು" ಎಂದಳು. ಹೋಗದಿದ್ದರೆ ಏನಾಗುತ್ತದೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ರಜೆಯೆಲ್ಲ ರೀ ರೀ ಆಗಿ, ನನ್ನ ಜೊತೆ ಬಾಲ್ಕನಿಯಲ್ಲಿ ಕೂತು ಕೆಳಗಿನ ಮಕ್ಕಳ ಗದ್ದಲ ಕೇಳಬೇಕು.

ನಾನು ಎಂಥ ಮೂಕಿ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ನನ್ನ ಮದುವೆಯಲ್ಲಿ ಎಲ್ಲರ ಮುಂದೆ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳು ಎಂದು ಬಾಗಿಲಿಗೆ ಅಡ್ಡ ನಿಂತರು. ವಾರದಿಂದ ಬಾಯಿಪಾಠ ಮಾಡಿದ್ದೆ. ಒಂದಕ್ಷರ ಹೊರಗೆ ಬರಲಿಲ್ಲ. ನಿಂತು ನಿಂತು ಕಾಲು ನೋವು ಬಂದ ನಮ್ಮಕ್ಕ ಕೊನೆಗೆ ತಾನೇ ಹೆಸರು ಹೇಳಿ ನನ್ನನ್ನು ಒಳಗೆ ತಳ್ಳಿದಳು. ನಿಮ್ಮಜ್ಜ ಕಡೆಯ ತನಕ ಇದನ್ನೇ ಆಡಿಕೊಂಡರು. "ನನ್ನ ಹೆಸರ ಹೇಳಿದಾಕಿ ಈಕಿ ಅಲ್ಲ, ಈಕಿ ಅಕ್ಕ. ನಾ ಯಾರ ಗಂಡ ಅಂತ ನನಗಽ ಗ್ಯಾರಂಟಿ ಇಲ್ಲ" ಎನ್ನುತ್ತಿದ್ದರು.

ಎತ್ತೇ ಯಾಕೆ ಮಾಡಬೇಕು, ಬೇರೆ ಸುಲಭದ್ದು ಏನಾದರೂ ತೋರಿಸಿ ಓಡಿ ಬಂದರಾಯಿತು ಎಂದು ಮೊದಲು ಲೆಕ್ಕ ಹಾಕಿದೆ. ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಚುಚ್ಚಿ ಬಂಡಿ ಮಾಡುತ್ತಿದ್ದೆವು, ಕನ್ನಡಕ ಮಾಡುತ್ತಿದ್ದೆವು. ಆ ಕನ್ನಡಕ ಹಾಕಿಕೊಂಡು ನಾನು ಮಾಸ್ತರಾಗಿ ಕುರಿಮರಿಗಳಿಗೆ ಮಗ್ಗಿ ಕೇಳುತ್ತಿದ್ದೆ; ಅವುಗಳ ಮುಂದೆ ನನಗೆ ನಾಚಿಕೆ ಇರಲಿಲ್ಲ. ಆದರೆ ಲಿಂಗಂಪಲ್ಲಿಯಲ್ಲಿ ದಂಟು ಎಲ್ಲಿದೆ? ಬಳೆಚೂರುಗಳನ್ನು ದೀಪಕ್ಕೆ ಹಿಡಿದು ಬಗ್ಗಿಸಿ ಸರ ಮಾಡುವುದು ಬರುತ್ತಿತ್ತು. ಬಳೆ ನನ್ನ ಕೈಯಲ್ಲಿ ಇಲ್ಲ. ಕೊನೆಗೆ ಉಳಿದದ್ದು ಎತ್ತೇ.

ಅದಕ್ಕೂ ತೊಡಕು. ಮಣ್ಣೆತ್ತಿನ ಅಮಾವಾಸ್ಯೆ ಮುಂಗಾರು ಶುರುವಾದ ಮೇಲೆ ಬರುವುದು. ಮೇ ತಿಂಗಳಲ್ಲಿ ಎತ್ತು ಮಾಡಬಹುದೋ ಬಾರದೋ, ದೇವರು ಇದನ್ನು ಪೂಜೆ ಎನ್ನುತ್ತಾನೋ ಆಟ ಎನ್ನುತ್ತಾನೋ, ಕೇಳೋಣವೆಂದರೆ ತಿಳಿದವರು ಯಾರೂ ಹತ್ತಿರ ಇಲ್ಲ. ಮಣ್ಣಾದರೂ ಎಲ್ಲಿಂದ? ಈ ಕಡೆಯದೆಲ್ಲ ಕೆಂಪು ಗರಸು ಮಣ್ಣು, ಮುದ್ದೆ ಕಟ್ಟಿದರೆ ಉದುರುತ್ತದೆ. ಪಕ್ಕದ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದ ಲಿಂಗಸೂಗೂರು ಕಡೆಯ ಮಲ್ಲಮ್ಮನ ಜೊತೆ ಮಾತ್ರ ನಾನು ಕಾಂಪೌಂಡಿನ ಗೋಡೆಯಾಚೆಯಿಂದ ಮಾತಾಡುತ್ತಿದ್ದೆ. ಅವಳು ಕೆರೆಯಂಗಳದಿಂದ ಒಂದು ಪುಟ್ಟಿ ಕರಿಮಣ್ಣು ತಂದುಕೊಟ್ಟಳು. "ಅಮಾಸಿ ಇನ್ನಾ ಮುಂದ ಐತಲ್ರಿ ಅವ್ವಾರ, ಇಲ್ಲಿ ಅಮಾಸೀನೂ ಅಡ್ವಾನ್ಸ್ ಬರ್ತೈತೇನ್ರಿ?" ಎಂದು ನಕ್ಕಳು. ನಾನೂ ಹೌದೇನೋ ಎಂದುಕೊಂಡೆ.

ಆ ದಿನ ಬಂತು. ನೀನು ನನ್ನ ಕಂಕುಳಲ್ಲಿದ್ದೆ. ಸೆಲ್ಲಾರಿನಲ್ಲಿ ಚಾಪೆಯ ಮೇಲೆ ಮಕ್ಕಳು, ಕುರ್ಚಿಗಳ ಮೇಲೆ ಮೂರು ನಾಲ್ಕು ತಾಯಂದಿರು, ಹಿಂದೆ ಕಂಬಕ್ಕೆ ಒರಗಿ ವಿಜಯಾ. ನಾನು ಯಾರ ಮುಖವನ್ನೂ ನೋಡದೆ ಮಣ್ಣನ್ನೇ ನೋಡುತ್ತಾ ಕೂತೆ. ಮಣ್ಣು ನಾದಲು ಶುರು ಮಾಡಿದ ಮೇಲೆ ಕೈಗೆ ಅದರ ದಾರಿ ತಾನಾಗಿ ನೆನಪಾಯಿತು. ಚಪಾತಿ ಹಿಟ್ಟಿಗಿಂತ ಒಂದಿಷ್ಟು ಗಟ್ಟಿ ಇರಬೇಕು. ಉದ್ದನೆ ಮುದ್ದೆ ಮಾಡಿ, ಕೆಳಗೆ ಚಿವುಟಿ ಎಳೆದು ನಾಲ್ಕು ಕಾಲು ತೆಗೆಯಬೇಕು. ಬೇರೆ ಮಾಡಿ ಹಚ್ಚಿದರೆ ಒಣಗಿದ ಮೇಲೆ ಬಿಡುತ್ತವೆ. ಮುಂದೆ ಕತ್ತು, ಕತ್ತಿನ ಕೆಳಗೆ ಗಂಗೆದೊಗಲು, ಕಣ್ಣಿಗೆ ಎರಡು ಕುಸುಬಿ ಕಾಳು. ನಾನು ಮೆಲ್ಲಗೆ ಕನ್ನಡದಲ್ಲಿ ಹೇಳುವುದು, ಪಲ್ಲವಿ ಅದನ್ನು ತೆಲುಗಿನಲ್ಲಿ ಕೂಗುವುದು. "ಮ್ಯಾಲ ಇಣಿ ಇಡಬೇಕು" ಎಂದಾಗ ಅವಳು ತಡವರಿಸಿದಳು. ಇಣಿ ಎಂದರೆ ಎತ್ತಿನ ಹೆಗಲ ಮೇಲಿನ ಡುಬ್ಬ ಎಂದು ಅವಳಿಗೆ ಗೊತ್ತಿರಲಿಲ್ಲ. ಹಿಂದಿನಿಂದ ವಿಜಯಾ ತೆಲುಗಿನಲ್ಲಿ, "ಮೂಪುರಂ" ಎಂದರು. ನಾನು ಕೈಯನ್ನು ಎತ್ತಿನ ಬೆನ್ನ ಮೇಲೆ ಇನ್ನೂ ಇಟ್ಟಿರಲಿಲ್ಲ. ಆದರೂ ಕೈ ನೋಡಿಯೇ ತಿಳಿದುಕೊಂಡಿರಬೇಕು ಎಂದುಕೊಂಡೆ.

ಒಬ್ಬನ ಎತ್ತು ಹಂದಿಯ ಹಾಗಾಯಿತು. ಒಬ್ಬಳದು ಕುಳಿತೇಬಿಟ್ಟಿತು. ನೀನು ಒಂದು ಕೊಂಬು ತಿಂದೆ. ನನ್ನ ಎತ್ತು ಮಾತ್ರ, ನಾನೇ ಹೇಳಬಾರದು, ಚೆಲುವಾಗಿತ್ತು. ಮಕ್ಕಳು ಸುತ್ತ ಕವಿದುಕೊಂಡು ನೋಡಿದವು. ರಜೆ ಮುಗಿದ ಮೇಲೆ ಅದನ್ನು ಶಾಲೆಗೆ ಒಯ್ಯುವುದಾಗಿ ಪಲ್ಲವಿ ಸಾರಿದಳು. ರೀ ರೀ ಎಂದು ಯಾರೂ ಅನ್ನಲಿಲ್ಲ. ಅಲ್ಲಿಗೆ ನಿಲ್ಲಿಸಿ ಮೇಲೆ ಹೋಗಿದ್ದರೆ ಎಲ್ಲ ಸರಿಯಾಗಿರುತ್ತಿತ್ತು.

ಆದರೆ ಕೈಗೆ ಮುಂದಿನದೂ ನೆನಪಿತ್ತು. ಎಲ್ಲ ಎತ್ತುಗಳನ್ನು ಸಾಲಾಗಿ ನಿಲ್ಲಿಸಿದೆ. ನನ್ನ ಎತ್ತನ್ನು ಎತ್ತಿಕೊಂಡು, ಅದರ ಮುಂದಿನ ಕಾಲು ಪಟಕ್ಕನೆ ಮುರಿದೆ.

ಚಿಕ್ಕ ಹುಡುಗಿಯೊಬ್ಬಳು ಅಳಲು ಶುರು ಮಾಡಿದಳು. ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ತನ್ನ ಮಗನನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡದ್ದು ನನಗೆ ಕಂಡಿತು. ಪಲ್ಲವಿಯ ಮುಖ ಸಣ್ಣದಾಗಿತ್ತು.

"ಅಜ್ಜಿ, ನೀ ಬೇಕಂತನಽ ಮುರಿದಿ?"

"ಹೂಂ" ಎಂದೆ.

ಮುಂದೆ ಹೇಳುವುದಿತ್ತು. ನಮ್ಮಲ್ಲಿ ಅಮಾವಾಸ್ಯೆಯ ಮರುದಿನ ಮಕ್ಕಳು ಒಂದು ಎತ್ತಿನ ಕಾಲು ಮುರಿದು, ಅದನ್ನು ತಟ್ಟೆಯಲ್ಲಿಟ್ಟುಕೊಂಡು ಮನೆ ಮನೆಗೆ ಹೋಗುತ್ತಾರೆ. ಕುಂಟ ಎತ್ತು ನಿಮ್ಮ ಬಾಗಿಲಿಗೆ ಬಂದಿದೆ, ಜೋಳ ನೀಡಿ ಎಂದು ಕೂಗುತ್ತಾರೆ. ಬಂದ ಜೋಳವನ್ನು ಬೇಯಿಸಿ ಎಲ್ಲರೂ ಕೂಡಿ ತಿನ್ನುತ್ತಾರೆ. ಕುಂಟ ಎತ್ತೇ ಯಾಕೆ ಎಂದು ಕೇಳಿದರೆ ನನಗೆ ಇಂದಿಗೂ ಗೊತ್ತಿಲ್ಲ. ದುಡಿಯಲಾರದ ಎತ್ತಿಗೂ ಮೇವು ಬೇಕೆಂದೋ, ಇಲ್ಲ ಮಕ್ಕಳಿಗೆ ಊರೆಲ್ಲ ತಿರುಗಲು ಒಂದು ನೆಪವೋ. ಇದನ್ನೆಲ್ಲ ಆ ಜನರ ಎದುರು ಯಾವ ಭಾಷೆಯಲ್ಲಿ ಹೇಳುವುದು? ಮದುವೆಯ ಬಾಗಿಲಲ್ಲಿ ನಿಂತ ಹಾಗೆಯೇ ನಿಂತೆ. ತಳ್ಳಲು ಅಕ್ಕ ಇರಲಿಲ್ಲ. ಪಲ್ಲವಿಯ ಕಣ್ಣು ತುಂಬುತ್ತಿತ್ತು. ಹುಡುಗರಲ್ಲಿ ಒಬ್ಬ ಮೆಲ್ಲಗೆ "ರೀ" ಎಂದ.

ಅದೊಂದು ಕೇಳಿದ್ದೇ ತಡ, ನಾನು ತಟ್ಟೆ ತೆಗೆದುಕೊಂಡು ಕುಂಟೆತ್ತನ್ನು ಅದರಲ್ಲಿಟ್ಟು ಪಲ್ಲವಿಯ ಕೈಗೆ ಕೊಟ್ಟೆ. ನಿನ್ನನ್ನು ಕಂಕುಳಿಗೆ ಏರಿಸಿಕೊಂಡು, ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದೆ: "ಕುಂಟೆತ್ತು ಬಂದೈತ್ರೋ, ಜ್ವಾಳ ನೀಡ್ರೋ."

ಆ ದನಿ ನನ್ನದೇ ಎಂದು ನಂಬಿಕೆಯಾಗಲಿಲ್ಲ. ಮೆಟ್ಟಿಲ ಬಾವಿಯಲ್ಲಿ ಅದು ಮೇಲಿನ ತನಕ ಹೋಗಿ ತಿರುಗಿ ಬಂತು. ನೀನು ಹೆದರಿ ನನ್ನ ಸೆರಗು ಹಿಡಿದೆ. ಮೊದಲ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಹುಡುಗನೊಬ್ಬ ಕಣ್ಣುಜ್ಜುತ್ತಾ ಬಾಗಿಲು ತೆಗೆದ. ಗಣಪತಿ ಹಬ್ಬದ ಚಂದಾ ಈಗಲೇ ಬಂತೇ ಎಂದು ಹಿಂದಿಯಲ್ಲಿ ಕೇಳಿದ. ಪಲ್ಲವಿ, ಎತ್ತಿಗೆ ಹಸಿವಾಗಿದೆ ಎಂದಳು. ಅವನು ಎತ್ತನ್ನು ನೋಡಿದ, ನನ್ನನ್ನು ನೋಡಿದ, ಒಳಗೆ ಹೋಗಿ ಒಂದು ನೂಡಲ್ಸ್ ಪೊಟ್ಟಣ ತಂದು ತಟ್ಟೆಗೆ ಹಾಕಿ ಮತ್ತೆ ಬಾಗಿಲು ಹಾಕಿಕೊಂಡ. ಅಷ್ಟು ಸಾಕಾಯಿತು. ಸೆಲ್ಲಾರಿನ ಮಕ್ಕಳೆಲ್ಲ ಒಂದೊಂದಾಗಿ ಹಿಂದೆ ಬಂದವು. ಎರಡನೆಯ ಬಾಗಿಲಿಗೆ ಕೂಗು ಅವರದೇ ಆಯಿತು. ಕುಂಟೆತ್ತು ಎಂಬುದು ಅವರ ಬಾಯಲ್ಲಿ ಏನೇನೋ ಆಯಿತು, ಆದರೆ ಕೊನೆಯ 'ರೋ' ಮಾತ್ರ ಗಟ್ಟಿಯಾಗಿತ್ತು. ಯಾರ ಮನೆಯಲ್ಲೂ ಜೋಳ ಇರಲಿಲ್ಲ. ಬಿಸ್ಕತ್ತು, ಚಾಕಲೇಟು, ಒಂದು ಮನೆಯಲ್ಲಿ ಮುಷ್ಟಿ ಅಕ್ಕಿ, ಇನ್ನೊಂದು ಮನೆಯಲ್ಲಿ ಡಬ್ಬಿಯಿಂದ ಸುರಿದ ಗರಿಗರಿ ಕಾರ್ನ್‌ಫ್ಲೇಕ್ಸ್. ಪಲ್ಲವಿ ಅವನ್ನೆಲ್ಲ ಹಿಂದಿನವರ ಚೀಲಕ್ಕೆ ಹಾಕಿಸುತ್ತಿದ್ದಳು. ತಟ್ಟೆಯಲ್ಲಿ ಎತ್ತು ಒಂದೇ, ಮೂರು ಕಾಲಿನ ಮೇಲೆ ವಾಲಿಕೊಂಡು. ಬೀಳದ ಹಾಗೆ ಅವಳು ಒಂದು ಬೆರಳು ಕೊಟ್ಟಿದ್ದಳು.

ವಿಜಯಾ ನಮ್ಮ ಜೊತೆ ಇರಲಿಲ್ಲ. ಸಿಟ್ಟಾಗಿ ಹೋದರು ಎಂದುಕೊಂಡಿದ್ದೆ. ಮೂರನೆಯ ಮಹಡಿಗೆ ಬಂದಾಗ ಅವರ ಬಾಗಿಲು ಮೊದಲೇ ತೆರೆದಿತ್ತು. ಅವರು ಹೊಸ್ತಿಲ ಒಳಗೆ, ಎರಡೂ ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದರು. ನಾನು ತಪ್ಪಾಯಿತು ಎಂದು ಹೇಳಲು ತೆಲುಗು ಮಾತು ಹುಡುಕುತ್ತಿದ್ದೆ.

"ಅವ್ವಾರ, ನಾನೂ ಕ್ಯಾಂಪಿನಾಕೀನ್ರಿ" ಎಂದರು.

ನನಗೆ ಮೊದಲು ಕಿವಿಗೆ ಬಿದ್ದದ್ದು ಮಾತಲ್ಲ, ಆ ರಾಗ. ನಮ್ಮ ಕಡೆಯದೇ. ಆದರೂ ತಲೆ ಎಂದಿನಂತೆ ತಪ್ಪು ದಾರಿಯಲ್ಲೇ ಹೋಯಿತು. "ಗೊತ್ತೈತವ್ವಾ, ಕ್ಯಾಂಪು ನೀವಽ ನಡಸ್ತೀರಲ್ಲ" ಎಂದೆ.

"ಈ ಕ್ಯಾಂಪಲ್ರಿ. ಕಾಲವಿ ಆಚಿ ಕ್ಯಾಂಪು. ಮಾನ್ವಿ ಕಡೇದು."

ಆಮೇಲೆ ಬಾಗಿಲಲ್ಲೇ ನಿಂತು ಹೇಳಿದರು. ಅವರ ಮನೆ ಅಕ್ಕಿ ಉಣ್ಣುವ ಮನೆ, ಜೋಳ ಇರುತ್ತಿರಲಿಲ್ಲ. ಕೂಲಿಗೆ ಬರುವ ಹೆಂಗಸರು ಕುಂಟೆತ್ತಿನ ವಿಷಯ ಹೇಳಿದ್ದನ್ನು ಕೇಳಿ, ಅವರ ತಾಯಿ ಆ ಹಬ್ಬಕ್ಕೆಂದೇ ಪ್ರತಿ ವರ್ಷ ಜೋಳ ತರಿಸಿ ಇಡುತ್ತಿದ್ದರಂತೆ. ಈ ಪುಟ್ಟ ವಿಜಯಾ ಸೇರಿನಲ್ಲಿ ಜೋಳ ತುಂಬಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳಂತೆ. ಕೂಗು ಕಾಲುವೆಯ ಆಚೆಯಿಂದ ಕೇಳುತ್ತಿತ್ತಂತೆ. ಹತ್ತಿರ ಹತ್ತಿರ ಬರುತ್ತಿತ್ತಂತೆ. ಸೇತುವೆಯ ತನಕ ಬಂದು ತಿರುಗಿ ಹೋಗುತ್ತಿತ್ತಂತೆ.

ನಾನು ಬೇರೆ ಊರಿನವಳು, ಅವರಿಗಿಂತ ಹಿರಿಯಳು. ಆದರೆ ನಮ್ಮ ಊರಿನ ಕಾಲುವೆಗೂ ಒಂದು ಸೇತುವೆ ಇತ್ತು. ನಾವೂ ಅಲ್ಲಿಯ ತನಕ ಹೋಗಿ ತಿರುಗುತ್ತಿದ್ದೆವು. ಹೋಗಬೇಡಿ ಎಂದು ಯಾರೂ ಹೇಳಿರಲಿಲ್ಲ. ಆಚೆಗೆ ನಾಯಿಗಳಿವೆ ಎಂದುಕೊಂಡೆವೋ, ಅವರಿಗೆ ನಮ್ಮ ಮಾತು ತಿಳಿಯುವುದಿಲ್ಲ ಎಂದುಕೊಂಡೆವೋ. ಎಷ್ಟು ಯೋಚಿಸಿದರೂ ಕಾರಣ ಸಿಗುವುದಿಲ್ಲ. ಆಚೆ ಯಾರೋ ಬಾಗಿಲಲ್ಲಿ ನಿಂತಿರಬಹುದು ಎಂದು ಮಾತ್ರ ನಮಗೆ ಹೊಳೆದಿರಲಿಲ್ಲ.

"ಮತ್ತ ಇಷ್ಟು ದಿನ ಒಂದು ಮಾತು ಆಡಲಿಲ್ಲಲ್ಲವ್ವಾ" ಎಂದೆ.

"ಅಲ್ಲಿ ಇದ್ರ ಆಂಧ್ರದೋರು ಅಂತಿದ್ರಿ. ಇಲ್ಲಿ ಬಂದ್ರ ಕರ್ನಾಟಕದೋರು ಅಂತಾರ್ರಿ. ಅದಕ್ಕ ಎಲ್ಲಿಯಾಕಿ ಅಂತ ಹೇಳೋದಽ ಬಿಟ್ಟೆ" ಎಂದರು.

ಮಕ್ಕಳು ಬಾಯಿ ತೆರೆದು ನೋಡುತ್ತಿದ್ದವು. ಅವರ 'ಆಂಟಿ' ಮಾತಿಗೊಂದು ರಿ ಹಚ್ಚಿ ಮಾತಾಡುತ್ತಿದ್ದರು. ಪಲ್ಲವಿ ತಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿ, "ಆಂಟೀರಿ, ಜ್ವಾಳ ನೀಡ್ರಿ" ಎಂದಳು. ಯಾರೂ ನಗಲಿಲ್ಲ.

ವಿಜಯಾ ಡಬ್ಬಿಯನ್ನು ಬಗ್ಗಿಸಿದರು. ರೊಟ್ಟಿಗೆಂದು ತಂದಿಟ್ಟ ಬಿಳಿಜೋಳ. ನಿಧಾನವಾಗಿ, ಎತ್ತಿನ ಸುತ್ತ ಸುರಿದರು. ಕಾಲು ಮುಚ್ಚಿತು, ಹೊಟ್ಟೆಯ ತನಕ ಬಂತು. ಪಲ್ಲವಿ ಬೆರಳು ತೆಗೆದಳು. ಅಷ್ಟು ಹೊತ್ತು ವಾಲಿಕೊಂಡಿದ್ದ ಎತ್ತು ಆ ಜೋಳದಲ್ಲಿ ನೆಟ್ಟಗೆ ನಿಂತಿತು.

ಕುಂಟೆತ್ತನ್ನು ಕೊನೆಗೆ ನೀರಿಗೆ ಬಿಡಬೇಕು. ಇನ್ನೂ ಎಷ್ಟೋ ಮನೆಗಳು ಉಳಿದಿವೆ, ಈಗಲೇ ಹೇಗೆ ಬಿಡುವುದು ಎಂದು ಪಲ್ಲವಿ ಅದನ್ನು ಷೋಕೇಸಿನಲ್ಲಿ ಇಟ್ಟಳು. ಅವಳು ಹೇಳಿದ್ದು ಸರಿಯೋ ತಪ್ಪೋ ನನಗೆ ತಿಳಿಯಲಿಲ್ಲ. ಅಂದಿನಿಂದ ಅದು ಅಲ್ಲೇ ಇದೆ.

ಅಂಟಿನ ಟ್ಯೂಬು ಒಳಗಿಡು, ಸಮರ್ಥ. ಕಾಲು ಹುಡುಕಬೇಡ. ಅಡುಗೆಮನೆಯ ಕೆಳಗಿನ ಹಲಗೆಯ ಡಬ್ಬಿಯಲ್ಲಿ ಜೋಳ ಇದೆ. ಒಂದು ಹಿಡಿ ಸುರಿದರೆ ಅದು ನಿಲ್ಲುತ್ತದೆ. ಮೊನ್ನೆ ಮೊದಲ ಮಹಡಿಗೆ ಯಾರೋ ಹೊಸಬರು ಬಂದಿದ್ದಾರೆ. ಅವರು ಯಾವ ಊರಿನವರೋ, ಮನೆಯಲ್ಲಿ ಏನು ಮಾತಾಡುತ್ತಾರೋ, ಬಾಗಿಲ ಮುಂದೆ ಎರಡು ಸಲ ಹೋಗಿ ಬಂದರೂ ನನಗೆ ಗೊತ್ತಾಗಲಿಲ್ಲ. ತಟ್ಟೆ ನೀನು ಹಿಡಿದುಕೋ. ಕೂಗುವುದು ನನಗಿರಲಿ.